ಒರೆ

ಕೂತಲ್ಲೇ ಊರು ನೋಡಿದವನು ನಮ್ಮಪ್ಪ ಉಚ್ಚೆಂಗೆಪ್ಪ.
ದಾವಣಗೆರೆ ರೈಲ್ವೆ ಗೇಟಿನ ಪಕ್ಕ, ಗೋಣಿತಾಟಿನ ಮೇಲೆ.
ಮೊಣಕಾಲಿನಿಂದ ಮೇಲಿನ ಊರು ಅವನಿಗೆ ಅಷ್ಟಾಗಿ ಗೊತ್ತಿಲ್ಲ.
ಹೆಸರು ಕೇಳಿದರೆ ತಡವರಿಸುತ್ತಾನೆ,
ಹಿಮ್ಮಡಿ ಕಂಡರೆ ಹೇಳುತ್ತಾನೆ:
ಇದು ಮಿಲ್ಲಿನಲ್ಲಿ ನಿಂತು ಸವೆದದ್ದು,
ಇದು ಎಡಕ್ಕೆ ವಾಲುವ ಮೇಷ್ಟ್ರು,
ಇದು ಮಂಡಕ್ಕಿ ಭಟ್ಟಿಯ ಕಾವಿಗೆ ಬಿರಿದದ್ದು.

ಆ ದಿನ ಬಂದ ಬೂಟು ಸುಮ್ಮನೆ ನಿಂತಿತು, ಮುಂದೆ ಚಾಚಲಿಲ್ಲ.
‘ಕಾಲಿಗಲ್ಲಪ್ಪಾ, ಸೊಂಟಕ್ಕೆ’ ಎಂದರು ಚಮನ್ ಸಾಬರು.
ಮಿಲಿಟರಿ ಬಿಟ್ಟು ಬಂದವರು,
ಬ್ಯಾಂಕಿನ ಹಣದ ವ್ಯಾನಿನಲ್ಲಿ ಮುಂದಿನ ಸೀಟು.
ಕ್ಯಾನ್ವಾಸಿನದು ಹರಿದಿತ್ತು, ರಿವಾಲ್ವರಿಗೊಂದು ಒರೆ ಬೇಕಿತ್ತು.

ಅಪ್ಪ ಎದ್ದ.
ಟೇಪು ಹಿಡಿದು ಎದ್ದು ನಿಂತ, ಮೊಣಕಾಲು ಲಟಕ್ಕೆಂದವು.
ಕೋವಿಯ ಮನುಷ್ಯ ಎರಡೂ ಕೈ ಮೇಲೆತ್ತಿದರು.
ಹಾದುಹೋಗುತ್ತಿದ್ದ ಸೈಕಲ್ಲೊಂದು ಬೆಚ್ಚಿ ಬ್ರೇಕು ಹಾಕಿತು.
ಕೆನ್ನೆ ಅವರ ಅಂಗಿಗೆ ತಾಗುವಷ್ಟು ಹತ್ತಿರ ಬಳಸಿ
ಅಪ್ಪ ‘ಮೂವತ್ತೆಂಟು’ ಎಂದ.
ಆಮೇಲೆ ‘ಉಸಿರು ಬಿಡ್ರಿ’ ಎಂದ. ನಲವತ್ತು.

ಕೂತಿದ್ದ ನನಗೆ ಆಗ ಕಂಡವು ಅಪ್ಪನ ಪಾದ,
ಇಷ್ಟು ವರ್ಷ ತೊಡೆಯಡಿ ಮಡಚಿಟ್ಟುಕೊಂಡಿದ್ದವು.
ಯಾರ ಪಾದವಿರಬಹುದು ಎಂದು ಅವನನ್ನೇ ಕೇಳಬೇಕೆನಿಸಿತು.

ರಿವಾಲ್ವರು ಬಿಟ್ಟುಹೋಗುವ ಹಾಗಿಲ್ಲ, ಕಾನೂನು.
ಬಡಗಿ ಮೌನೇಶ ಬೇವಿನ ತುಂಡಿನಲ್ಲಿ ಒಂದು ಕೆತ್ತಿಕೊಟ್ಟ, ಕುದುರೆ ಸಮೇತ.
ಅದನ್ನು ತಮ್ಮ ಎರಡು ದಿನ ಓಣಿಯಲ್ಲಿ ಮೆರೆಸಿದ,
ಹನ್ನೊಂದು ಜನರನ್ನು ಕೊಂದ,
ಮೂರನೆಯ ದಿನ ಕಸಿದುಕೊಂಡೆ.
ತಂಗಡಿ ತೊಗಟೆಯಲ್ಲಿ ಹದವಾದ ಎಮ್ಮೆ ಚರ್ಮ, ಬೆನ್ನಿನ ಭಾಗ.
ಬೆಚ್ಚನೆ ನೀರಿಗೆ ಬಿಟ್ಟು, ಗುಳ್ಳೆ ನಿಂತ ಮೇಲೆ ತೆಗೆದು
ಒದ್ದೆಯಲ್ಲೇ ಮರಕ್ಕೆ ಸುತ್ತಿ, ಹೆಬ್ಬೆರಳಲ್ಲಿ ಒತ್ತುತ್ತ ಒತ್ತುತ್ತ ಹೋದರೆ
ಯಾವುದೋ ಗಳಿಗೆಯಲ್ಲಿ ಚರ್ಮ ಒಪ್ಪಿಕೊಳ್ಳುತ್ತದೆ.

ಬೆಲ್ಟು ಹಾಯುವ ಎರಡು ಸೀಳು ಮಾತ್ರ ಅಪ್ಪ ನನಗೆ ಬಿಡಲಿಲ್ಲ.
ಮೊದಲು ತುದಿಗೊಂದು ಗುಂಡು ತೂತು, ಆಮೇಲೆ ನಡುವೆ ರಂಪಿಗೆ.
‘ಮೂಲೆ ಇದ್ರೆ ಅಲ್ಲಿಂದ್ಲೇ ಹರೀತತಿ.
ಗುಂಡಗಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ
ಹರಿಯೋದಕ್ಕೂ ತಿಳಿಯಂಗಿಲ್ಲ.’
ಸುತ್ತ ಎರಡು ಸಾಲು, ಮೇಣದ ಹುರಿ, ದಬ್ಬಳ ಎದುರುಬದುರು,
ಇಂಚಿಗೆ ಏಳು ಹೊಲಿಗೆ.
ಎಂಟಾದರೆ ಚರ್ಮ ಜರಡಿ, ಆರಾದರೆ ನಾವು ಸೋಮಾರಿಗಳು.

ಅಂಚು ನನ್ನದು.
ಹುಣಸೆಬೀಜದ ಅಂಟು ಸವರಿ
ಗೋಲಿಸೋಡಾ ಸೀಸೆಯ ಕತ್ತಿನಿಂದ ಉಜ್ಜಿದೆ,
ಎರಡು ಪದರ ತಾವು ಎರಡೆಂಬುದ ಮರೆಯುವ ತನಕ.
ಸಂಜೆ ಪ್ಯಾಸೆಂಜರ್ ಹಾಯುವಾಗ ಅದರ ದೀಪ
ಅಂಚಿನ ಮೇಲೆ ಉದ್ದಕ್ಕೆ ಜಾರಿತು.
ಅಪ್ಪ ಉಗುರು ಆಡಿಸಿ ನೋಡಿದ, ಏನೂ ಅನ್ನಲಿಲ್ಲ.
ಅಂದರೆ ಸರಿಯಿದೆ.

‘ಒಂದೇ ಎಳೆತಕ್ಕೆ ಬರ್ಬೇಕು ನೋಡಪ್ಪಾ.’
‘ಇಲ್ಲೀತಂಕ ಎಷ್ಟು ಸಲ ಎಳೆದೀರಿ?’
ಸಾಬರು ತಮ್ಮ ಬೂಟು ನೋಡಿಕೊಂಡರು.
‘ವರ್ಷಕ್ಕೊಂದು ಸಲ. ಲೈಸೆನ್ಸಿಗೆ, ಡಿಸಿ ಆಫೀಸಿನಾಗೆ.’
‘ಹಂಗಾರೆ ತುಸು ಬಿಗಿನೇ ಇರ್ಲಿ ಬಿಡ್ರಿ.’

ಕಂಪನಿಯ ಗುತ್ತಿಗೆ ಮುಗಿಯಿತು, ಚುನಾವಣೆಯೂ ಬಂತು.
ರಿವಾಲ್ವರು ಠಾಣೆಯಲ್ಲಿ ಜಮಾ.
ಖಾಲಿ ಒರೆ ಕಟ್ಟಿಕೊಂಡೇ ಬಂದರು ಸಾಬರು,
‘ಬಿಚ್ಚಿಟ್ರೆ ಒಂದು ಕಡೆ ವಾಲ್ತೀನಿ.’
ಒಳಗೆ ಬೆರಳಿಟ್ಟೆ. ಇಲ್ಲಿ ಕುದುರೆ, ಇಲ್ಲಿ ನಳಿಗೆ,
ಇಲ್ಲದ್ದರ ಉಬ್ಬುತಗ್ಗು ಎಲ್ಲ ಇದ್ದ ಹಾಗೇ.
ಸೀಳು ಮಾತ್ರ ಕೂದಲೆಳೆಯಷ್ಟೂ ಸಡಿಲಿಲ್ಲ.
ಅಪ್ಪ ಕೂತಲ್ಲಿಂದಲೇ ಕೈಚಾಚಿ ಅದನ್ನು ತಟ್ಟಿದ, ಕರುವಿನ ಬೆನ್ನು ತಟ್ಟಿದಂತೆ.

ಆ ರಾತ್ರಿ ಅಪ್ಪ ಗೊರಕೆ ಹೊಡೆಯುವಾಗ
ಹಳೆಯ ಪೇಪರಿನ ಹಾಳೆಯೊಂದನ್ನು ರಟ್ಟಿಗೆ ಸಿಕ್ಕಿಸಿ
ಅವನ ಬಲಗಾಲಿಗೆ ಆನಿಸಿ ಪೆನ್ಸಿಲು ಎಳೆಯತೊಡಗಿದೆ,
ಹಿಮ್ಮಡಿಯಿಂದ, ಮೆಲ್ಲಗೆ.
ಕಿರುಬೆರಳ ಹತ್ತಿರ ಕಚಗುಳಿಯಾಗಿ ಕಾಲು ಎಳೆದುಕೊಂಡ.

ಅರ್ಧ ಪಾದ ಇನ್ನೂ ಇದೆ, ಕ್ಯಾಲೆಂಡರಿನ ಹಿಂದೆ.